ಸೇತುವೆಯಿಂದ ಇಳಿದವರು

ಡಾ. ಹ್ಯಾವರ್ಟಿಯವರ ಕೋಣೆಯಿಂದ ಕರೆ ಬಂತೆಂದರೆ ಆ ವಿದ್ಯಾರ್ಥಿಯ ಕಥೆ ಮುಗಿಯಿತೆಂದೇ ಅರ್ಥ. ಅಲ್ಲಿ ಗದರಿಕೆ ಇರಲಿಲ್ಲ. ಮೆತ್ತನೆಯ ಕುರ್ಚಿ ಇತ್ತು. ಜೇನು ಬೆರೆಸಿದ ಚಹಾ ಇತ್ತು. 'ಜನಸೇವೆಗೆ ಬೇರೆ ದಾರಿಗಳೂ ಇವೆಯಲ್ಲವೇ?' ಎಂಬ ಒಂದೇ ಒಂದು ಪ್ರಶ್ನೆ ಇತ್ತು. ಮರುದಿನ ತರಗತಿಯಲ್ಲಿ ಒಂದು ಜಾಗ ಖಾಲಿ. ಹಾಜರಿ ಕೂಗುವವರು ಆ ಹೆಸರನ್ನು ಹಾರಿಸಿ ಮುಂದಕ್ಕೆ ಹೋಗುತ್ತಿದ್ದರು. ಅಂಥವರೊಬ್ಬರು ಅಲ್ಲಿ ಕೂತಿದ್ದರೆಂಬ ಗುರುತು ಸಹ ಉಳಿಯುತ್ತಿರಲಿಲ್ಲ.

ಡೆಲ್ಫೀನ್ ಮೇಬರಿಗೆ ಆ ಕರೆ ಬಂದದ್ದು ಮಂಗಳವಾರ ಬೆಳಿಗ್ಗೆ. ಆಗ ಅವಳ ಎರಡೂ ಕೈಗಳು ಒಬ್ಬ ಮುದುಕನ ಬೆನ್ನಿನಡಿ ಇದ್ದವು. ಪಾರ್ಶ್ವವಾಯು ಬಡಿದ ಭಾರದ ಮೈ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹುಣ್ಣು ಎಲುಬಿನವರೆಗೂ ಇಳಿಯುತ್ತದೆ. ವಿಶ್ವವಿದ್ಯಾಲಯದ ದೊಡ್ಡಾಸ್ಪತ್ರೆಯಲ್ಲಿ ಅವಳು ನರ್ಸುಗಳ ಕೈಕೆಳಗಿನ ಸಹಾಯಕಿ. ಮಲ ಬಳಿಯುವುದು, ಮೈ ಒರೆಸುವುದು, ಎತ್ತುವುದು, ಹೊರಳಿಸುವುದು, ಸತ್ತವರ ಗದ್ದಕ್ಕೆ ಬಟ್ಟೆ ಕಟ್ಟುವುದು ಅವಳ ಕೆಲಸ. ಜೇಬಿನಲ್ಲಿ ಫೋನು ನಡುಗಿತು. ಕೈ ಬಿಡುವಂತಿರಲಿಲ್ಲ.

ಅಷ್ಟರಲ್ಲಿ ಮೆಡಿಕಲ್ ಕಾಲೇಜಿನ ಹುಡುಗರು ಒಳಗೆ ಬಂದರು. ಮುಂದಿದ್ದವನ ಹೆಸರು ಪ್ರೆಸ್ಟನ್. ಅವನು ಡೆಲ್ಫೀನಳ ಮುಖ ನೋಡಲಿಲ್ಲ.

"ಏ, ಈ ಕಾಲು ಸ್ವಲ್ಪ ಎತ್ತಿ ಹಿಡ್ಕೋ."

ಹಿಡಿದಳು. ಅವನು ಗೆಳೆಯರಿಗೆ ನರಗಳ ವಿಷಯ ವಿವರಿಸುತ್ತಾ ಹೋದ. ಅವಳ ತೋಳು ನಡುಗತೊಡಗಿತು. ಅವನಿಗೆ ಕಾಲು ಕಾಣುತ್ತಿತ್ತು, ತೋಳು ಕಾಣುತ್ತಿರಲಿಲ್ಲ. ಕೊನೆಗೆ ಕೈಗವಸು ಕಿತ್ತು ನೆಲಕ್ಕೆಸೆದು ಹೊರಟ. ಅವಳು ಬಗ್ಗಿ ಎತ್ತಿಕೊಂಡಳು. ಅದೇ ಪ್ರೆಸ್ಟನ್ ಡೆಲ್ಫೀನ್ ಓದುತ್ತಿದ್ದ ಸಂಜೆಯ ತರಗತಿಗೆ ರಸಾಯನಶಾಸ್ತ್ರ ಹೇಳಿಕೊಡಲು ಬರುತ್ತಿದ್ದ. 'ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ' ಎಂದು ಅವಳಿಗೆ ಹಲವು ಸಲ ಹೇಳಿದ್ದ.

ಕೈ ತೊಳೆದು ಫೋನು ನೋಡಿದಳು. 'ಇಂದು ಮಧ್ಯಾಹ್ನ ನನ್ನ ಕೋಣೆಗೆ ಬನ್ನಿ. ಹ್ಯಾವರ್ಟಿ.' 

ಮಿಸಿಸಿಪಿ ನದಿಯ ದಂಡೆಯ ಕ್ಯಾಲವೇ ಊರಿನಲ್ಲಿ ರೈಲು ಹಳಿಯ ಆಚೆಗೆ ಬಿಳಿಯರು, ಈಚೆಗೆ ಕರಿಯರು. ಈಚೆಗೂ ಒಂದು ಆಸ್ಪತ್ರೆ ಇತ್ತು. ಕರಿಯರು ತಾವೇ ಇಟ್ಟಿಗೆ ಹೊತ್ತು ಕಟ್ಟಿಕೊಂಡಿದ್ದ ಮೌಂಟ್ ನೀಬೋ ಆಸ್ಪತ್ರೆ. ವಿಶ್ವವಿದ್ಯಾಲಯ ಅದನ್ನು ಕೊಂಡಿತು. ಕೊಂಡ ಮೇಲೆ ಮುಚ್ಚಿತು. ಮುಚ್ಚಿದ ಚಳಿಗಾಲದಲ್ಲೇ ಡೆಲ್ಫೀನಳ ಅಕ್ಕ ಅರ್ನೀಸ್ ಹೆರಿಗೆ ನೋವಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಬಿದ್ದುಕೊಂಡು ದೊಡ್ಡಾಸ್ಪತ್ರೆಗೆ ಹೊರಟಳು. ಹಳಿಯ ಮೇಲೆ ಗೂಡ್ಸ್ ರೈಲು ಅಡ್ಡ ನಿಂತಿತ್ತು. ಅದು ಆ ಊರಿನಲ್ಲಿ ದಿನನಿತ್ಯ ನಿಲ್ಲುವ ರೈಲು. ಅದು ಕದಲುವ ಹೊತ್ತಿಗೆ ಸೀಟು ರಕ್ತದಲ್ಲಿ ನೆನೆದಿತ್ತು. ತಾಯಿ ಉಳಿಯಲಿಲ್ಲ. ಮಗುವೂ ಉಳಿಯಲಿಲ್ಲ.

ಜನ ಮುಚ್ಚಿದ ಆಸ್ಪತ್ರೆಯ ಗೇಟಿಗೆ ಬಂದು ನಿಂತರು. ಕೂಗಿದರು. ಕಲ್ಲುಗಳೂ ಬಿದ್ದವು. ಆಗ ವಿಶ್ವವಿದ್ಯಾಲಯ ಒಂದು ಮಾತು ಕೊಟ್ಟಿತು. ನಿಮ್ಮ ಮಕ್ಕಳನ್ನೇ ಡಾಕ್ಟರು ಮಾಡುತ್ತೇವೆ ಎಂದಿತು. ಹಾಗೆ ಹುಟ್ಟಿದ್ದು ಈ ಕೋರ್ಸು. ಒಂದು ಪದವಿ ಮುಗಿಸಿ, ವಿಜ್ಞಾನದ ಪಾಠಗಳು ಸಾಲದೆ ಮೆಡಿಕಲ್ ಕಾಲೇಜಿನ ಹೊಸ್ತಿಲಲ್ಲೇ ನಿಂತವರಿಗೆ ಮತ್ತೆ ಎರಡು ವರ್ಷದ ಓದು. ಹೆಸರು 'ಸೇತುವೆ'. ಖಾಲಿ ಬಿದ್ದಿದ್ದ ಮೌಂಟ್ ನೀಬೋ ಕಟ್ಟಡದಲ್ಲೇ ಅದು ನಡೆಯುತ್ತಿತ್ತು. ಪ್ರತಿ ವರ್ಷ ನಿರ್ದೇಶಕಿ ಹ್ಯಾವರ್ಟಿ ಹೆಸರಿಸಿದ ಒಬ್ಬರಿಗೆ ಮೆಡಿಕಲ್ ಕಾಲೇಜು ಸೀಟು ಕಾದಿರಿಸುತ್ತಿತ್ತು. 'ಸೇತುವೆ ದಾಟಿದ ಪ್ರತಿಯೊಬ್ಬರೂ ಮೆಡಿಕಲ್ ಕಾಲೇಜು ಸೇರಿದ್ದಾರೆ' ಎಂದು ಬಾಗಿಲಿನ ಮೇಲೆ ಹಲಗೆ ಹಾಕಿದ್ದರು.

ಅದು ಸುಳ್ಳಲ್ಲ. ದಾಟಿದವರನ್ನು ಮಾತ್ರ ಎಣಿಸುತ್ತಿದ್ದರು.

ಈಚೆಗಿನ ಮೌಂಟ್ ನೀಬೋ ಚರ್ಚಿನವರು ಆ ಹಲಗೆಯನ್ನು ನಂಬಿದರು. ಸೇತುವೆಗೆ ಯಾರೇ ಸೇರಲಿ, ಮೊದಲ ಭಾನುವಾರ ಅವರನ್ನು ಎದ್ದು ನಿಲ್ಲಿಸುತ್ತಿದ್ದರು. ಮುದುಕಿಯರು ಬಂದು ತಲೆಯ ಮೇಲೆ ಕೈಯಿಡುತ್ತಿದ್ದರು. ಅಂದಿನಿಂದಲೇ ಅವರಿಗೆ ಡಾಕ್ಟರ್ ಎಂಬ ಹೆಸರು. ಪುಸ್ತಕದ ಮೊದಲ ಪುಟ ತಿರುವುವ ಮೊದಲೇ ಡೆಲ್ಫೀನ್ ಡಾಕ್ಟರ್ ಮೇಬರಿ ಆಗಿಬಿಟ್ಟಿದ್ದಳು. ಕಟುಕನ ಅಂಗಡಿಯವನು ಅವಳಿಗೆ ಮಂಡಿ ತೋರಿಸುತ್ತಿದ್ದ. ಪಕ್ಕದ ಮನೆಯಾಕೆ ಕೆಮ್ಮಿ ತೋರಿಸುತ್ತಿದ್ದಳು. ಅದು ಪ್ರೀತಿ. ಬೇರೆಯವರು ಕೊಡದ ಹೆಸರನ್ನು ತಾವೇ ಮುಂಚಿತವಾಗಿ ಕೊಟ್ಟುಬಿಡುವ ಹಟ. ಆದರೆ ಸೇತುವೆಯಿಂದ ಇಳಿದವರು, ಓದು ಅರ್ಧಕ್ಕೆ ಬಿಟ್ಟವರು, ಮತ್ತೆ ಆ ಚರ್ಚಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಡಾಕ್ಟರ್ ಎಂದು ಕರೆದ ಬಾಯಿಗಳ ಎದುರು ಬಂದು ನಿಲ್ಲುವುದು ಹೇಗೆ? ಅವರು ಒಬ್ಬೊಬ್ಬರಾಗಿ ಮನೆಯೊಳಗೆ ಸೇರಿಕೊಂಡರು. ಯಾರೂ ಯಾರನ್ನೂ ಕೇಳಲಿಲ್ಲ.

ಹ್ಯಾವರ್ಟಿ ಬಾಗಿಲವರೆಗೂ ಬಂದು ಡೆಲ್ಫೀನಳನ್ನು ಕರೆದುಕೊಂಡರು.

"ಬನ್ನಿ, ಕೂತ್ಕೊಳ್ಳಿ. ಹೆದರಿಕೊಂಡ್ರಾ? ಈ ಬಾಗಿಲು ಕಂಡ್ರೆ ಎಲ್ಲರೂ ಯಾಕೆ ಹೆದರ್ತಾರೋ ನನಗಂತೂ ಗೊತ್ತಿಲ್ಲ."

ಡೆಲ್ಫೀನ್ ಕುರ್ಚಿಯ ಅಂಚಿನಲ್ಲಿ ಕೂತಳು. ಚಹಾ ಬಂತು.

"ಈ ವರ್ಷದ ಸೀಟು ನಿಮ್ಮದು, ಡೆಲ್ಫೀನ್."

ಅವಳ ಕೆನ್ನೆ ಒದ್ದೆಯಾಯಿತು.  ಹಳಿಯ ಬಳಿ ನಿಂತ ಕಾರು ಕಣ್ಣ ಮುಂದೆ ಬಂತು. ಆ ಕಾರಿನ ಬಾಗಿಲು ತೆಗೆದು ಒಳಗೆ ಬಗ್ಗುವ ಡಾಕ್ಟರ್ ತಾನೇ ಎಂದು ಎಷ್ಟೋ ಸಲ ಕಂಡ ಕನಸೂ ಬಂತು.

"ಅಳಬೇಡಿ. ನೀವು ದುಡಿದಿದ್ದೀರಿ." ಹ್ಯಾವರ್ಟಿ ಸಕ್ಕರೆಯಿಲ್ಲದ ಬಿಸ್ಕತ್ತು ಮುಂದೆ ತಳ್ಳಿದರು. "ಒಂದು ಸಣ್ಣ ವಿಷಯ. ರೋಜೆಲ್ ಟಿಬ್ಸ್ ನಿಮಗೆ ತುಂಬ ಬೇಕಾದವರು ಅಲ್ವಾ?"

"ಹೌದು ಮೇಡಂ. ಒಟ್ಟಿಗೇ ಓದ್ತೀವಿ."

"ಅವರು ಈ ಸಲ ದಾಟಲ್ಲ. ನಿಮಗೂ ಗೊತ್ತು. ಶುಕ್ರವಾರ ಸಂಜೆಯೊಳಗೆ ತಾವಾಗಿಯೇ ಹಿಂದೆ ಸರಿದ್ರೆ ಅವರ ಹೆಸರಿಗೆ ಕಲೆ ಇರಲ್ಲ. ಮರ್ಯಾದೆ ಉಳಿಯುತ್ತೆ."

"ನೀವೇ ಹೇಳಬಹುದಲ್ಲ?"

"ಕರೆದ್ರೆ ಬರ್ತಾ ಇಲ್ಲ. ನಿಮ್ಮವರು ಹೇಳಿದ್ರೆ ಅದರ ತೂಕವೇ ಬೇರೆ."

ನಿಮ್ಮವರು ಎಂಬ ಮಾತಿಗೆ ಡೆಲ್ಫೀನ್ ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ನಾನು ಹೇಳದಿದ್ರೆ?"

ಹ್ಯಾವರ್ಟಿ ನಕ್ಕರು. ಆ ನಗೆಯಲ್ಲಿ ಕೋಪದ ಗೆರೆಯೂ ಇರಲಿಲ್ಲ. "ಡಾಕ್ಟರಾಗೋರು ಕಹಿ ಸುದ್ದಿ ಹೇಳೋದನ್ನ ಕಲೀಬೇಕು. ಇದನ್ನೂ ಒಂದು ಪರೀಕ್ಷೆ ಅಂದ್ಕೊಳ್ಳಿ. ನಿಮ್ಮ ಸೀಟಿಗೆ ನಾನು ಸಹಿ ಹಾಕೋದು ಸೋಮವಾರ. ಅಲ್ಲಿವರೆಗೆ ಯಾವುದೂ ಖಚಿತ ಅಲ್ಲ, ಅಲ್ವಾ?"

ಡೆಲ್ಫೀನ್ ಹೂಂ ಎನ್ನಲಿಲ್ಲ. ಇಲ್ಲವೆಂದೂ ಹೇಳಲಿಲ್ಲ. ಹ್ಯಾವರ್ಟಿ ಹೂಂ ಎಂದು ಕೇಳಿಸಿಕೊಂಡವರಂತೆ ಅವಳ ಭುಜ ತಟ್ಟಿ ಕಳಿಸಿದರು.

ದಾರಿಯಲ್ಲಿ ಅವಳು ಗೆಣಸಿನ ಸಿಹಿ ತುಂಬಿ ಬೇಯಿಸಿದ ಪೈ ಒಂದನ್ನು ಕೊಂಡಳು, ಆ ಊರಿನಲ್ಲಿ ಸಾವಿನ ಮನೆಗೆ ಒಯ್ಯುವಂಥದು. ಏಕೆಂದು ತಾನೇ ಕೇಳಿಕೊಳ್ಳಲಿಲ್ಲ. ಬರಿಗೈಯಲ್ಲಿ ಹೋಗಲು ಆಗಲಿಲ್ಲ, ಅಷ್ಟೆ.

ರೋಜೆಲ್ ಟಿಬ್ಸ್ ಆಂಬುಲೆನ್ಸಿನಲ್ಲಿ ದುಡಿಯುವ ಹೆಂಗಸು. ನಡುವಯಸ್ಸು. ಸ್ಟ್ರೆಚರು ಎತ್ತಿ ಎತ್ತಿ ಸೊಂಟ ಹೋಗಿತ್ತು. ಅಡುಗೆಮನೆಯಲ್ಲಿ ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದಳು. ಹಂದಿಯ ಮೂಳೆ ಹಾಕಿದ ಸೊಪ್ಪು ಒಲೆಯ ಮೇಲೆ ಕುದಿಯುತ್ತಿತ್ತು. ಪಕ್ಕದಲ್ಲೇ ರಸಾಯನಶಾಸ್ತ್ರದ ಪುಸ್ತಕ ಹಬೆ ಹಿಡಿದು ಉಬ್ಬಿತ್ತು.

"ಏನೇ ಇದು, ಪೈ? ಯಾರು ಸತ್ರು?"

"ಯಾರೂ ಇಲ್ಲಕ್ಕಾ. ಸುಮ್ನೆ ಬಂದೆ."

"ನೀನು ಸುಮ್ನೆ ಬರೋಳಲ್ಲ. ನಿನಗೆ ಸುಮ್ನೆ ಉಸಿರಾಡೋಕೂ ಪುರುಸೊತ್ತಿಲ್ಲ. ಬೊಗಳು."

ಡೆಲ್ಫೀನ್ ನೆಲ ನೋಡಿದಳು. "ಅಕ್ಕಾ, ಜನಸೇವೆಗೆ ಬೇರೆ ದಾರಿನೂ ಇದೆ..."

ಅಷ್ಟು ಹೇಳುವಷ್ಟರಲ್ಲಿ ತನ್ನ ಬಾಯಲ್ಲಿ ಬೇರೊಬ್ಬರ ನಾಲಿಗೆ ಇದ್ದಂತೆ ಅವಳಿಗೆ ಅಸಹ್ಯವಾಯಿತು. ರೋಜೆಲ್ ಸೌಟು ಕೆಳಗಿಟ್ಟಳು.  ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗೆ ಕೇಳಲು ಚೆನ್ನಾಗಿರಲಿಲ್ಲ.

"ಆ ಕುರ್ಚಿ ಮೇಲೆ ಕೂತು ಬಂದ್ಯಾ?"

"ಬಂದೆ."

"ಸೀಟು ನಿಂದೇ ಅಂದ್ಲಾ?"

"ಅಂದ್ಲು."

"ನನ್ನ ಇಳಿಸಿದ್ರೆ."

 ರೋಜೆಲ್ ಪೈಯನ್ನು ಬೆರಳಿನಿಂದ ಮೇಜಿನ ಆಚೆಗೆ ತಳ್ಳಿದಳು.

"ಹೋದ ವರ್ಷ ಲಮಾರ್ ಸ್ಟೋಕ್ಸ್ ಮನೆಗೆ ಜೆನೀವಾ ಕ್ರಂಪ್ ಹೋಗಿದ್ಲು. ಅವಳ ಕೈಲೂ ಪೈ ಇತ್ತಂತೆ. ಅವನು ಇಳಿದ. ಅವಳು ದಾಟಿದ್ಲು."

"ಲಮಾರ್ ತಾನೇ ಬಿಟ್ಟ ಅಂತಲ್ವಾ ಎಲ್ಲಾ ಹೇಳೋದು?"

"ತಾನೇ ಬಿಟ್ಟನಂತೆ! ಆಮೇಲೆ ಗೋದಾಮಿನ ಕೆಲಸದಲ್ಲಿ ಪೆಟ್ಟಿಗೆ ಬಿದ್ದು ಅವನ ಕೈ ಜಜ್ಜಿತ್ತು. ನನ್ನ ಗಾಡೀಲೇ ಸಾಗಿಸಿದ್ದು. ಮಲಗ್ಕೊಂಡೇ ಎಲ್ಲಾ ಹೇಳ್ದ. ಸೋತವನ ಮಾತು ಅಂತ ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಅದಕ್ಕೂ ಹಿಂದಿನ ವರ್ಷ ಯಾರು ಯಾರ ಮನೆಗೆ ಹೋಗಿದ್ರೋ. ಕರೆದ್ರೆ ಹೋಗದೋರನ್ನ ಅವಳು ಇನ್ನೊಬ್ಬರ ಕೈಲಿ ತಳ್ಳಿಸ್ತಾಳೆ ಕಣೇ. ತನ್ನ ಕೈ ಕೊಳೆ ಮಾಡ್ಕೊಳ್ಳಲ್ಲ. ತಳ್ಳಿದೋರು ಬಾಯಿ ಬಿಡಲ್ಲ. ಬಿದ್ದೋರಿಗೆ ನಾಚಿಕೆ."

"ನೀನು ಪಾಸಾಗ್ತೀಯಾ ಅಕ್ಕಾ?"

"ಇಲ್ಲ. ಸುಳ್ಳು ಯಾಕೆ ಹೇಳಲಿ? ಬಲವಂತವಾಗಿ ಎರಡೆರಡು ಪಾಳಿ ಹಾಕ್ತಾರೆ. ಪುಸ್ತಕ ತೆರೆದ್ರೆ ಕಣ್ಣು ಮುಚ್ಚುತ್ತೆ. ಈ ಸಲ ಫೇಲಾಗ್ತೀನಿ. ಆದ್ರೆ ಫೇಲಾದೋರು ಮತ್ತೆ ಪರೀಕ್ಷೆಗೆ ಕೂರಬಹುದು. ತಾವಾಗಿ ಬಿಟ್ಟೋರು ಕೂರೋ ಹಾಗಿಲ್ಲ. ಅವರಿಗೆ ಬಾಗಿಲೇ ಬಂದ್. ಅದನ್ನ ಆ ಚಹಾ ಕುಡಿಸೋವಾಗ ಹೇಳಿದ್ಲಾ ನಿನಗೆ?"

ಹೇಳಿರಲಿಲ್ಲ. ಮರ್ಯಾದೆ ಉಳಿಯುತ್ತೆ ಎಂದಿದ್ದರು.

"ನಂಗೆ ಆ ಸೀಟು ಬೇಕಕ್ಕಾ," ಎಂದಳು ಡೆಲ್ಫೀನ್. ಅವಳ ದನಿ ಮಗುವಿನದಾಗಿತ್ತು. "ಅರ್ನೀಸ್..."

"ಅರ್ನೀಸ್ ಹೆಸರನ್ನ ಈ ಪೈ ಮೇಲೆ ಸವರಬೇಡ." ರೋಜೆಲ್ ಒಲೆಯ ಕಡೆ ತಿರುಗಿದಳು. "ಸೀಟು ಬೇಕು ಅನ್ನೋದು ತಪ್ಪಲ್ಲ. ಹೋಗು. ಶುಕ್ರವಾರದವರೆಗೆ ನಾನೂ ಯೋಚಿಸ್ತೀನಿ. ಈ ಸೊಂಟ ಇಟ್ಕೊಂಡು ಯಾರ ಜೊತೆ ಕುಸ್ತಿ ಮಾಡಲಿ?"

ಆ ಕೊನೆಯ ಮಾತೇ ಡೆಲ್ಫೀನಳನ್ನು ಹೆದರಿಸಿತು. ರೋಜೆಲ್ ಹಿಂದೆ ಸರಿಯುವ ಪತ್ರಕ್ಕೆ ಸಹಿ ಹಾಕುತ್ತಾಳೆ. ಬೈದು, ನಕ್ಕು, ಕೊನೆಗೆ ಹಾಕಿಯೇ ಹಾಕುತ್ತಾಳೆ. ತಾನು ಇನ್ನೊಂದು ಮಾತು ಆಡಬೇಕಾಗಿಯೂ ಇಲ್ಲ. ಸುಮ್ಮನಿದ್ದರೆ ಸಾಕು. ಸೀಟು ತನ್ನದು.

ಬುಧವಾರ ಸಂಜೆ ಚರ್ಚಿನಲ್ಲಿ ಸಾಕ್ಷಿ ಹೇಳುವ ಪ್ರಾರ್ಥನೆ. ದೇವರು ತಮಗೆ ಮಾಡಿದ ಒಳಿತನ್ನು ಒಬ್ಬೊಬ್ಬರೇ ಎದ್ದು ಹೇಳುತ್ತಾರೆ. ಒಬ್ಬನಿಗೆ ಕೆಲಸ ಸಿಕ್ಕಿತ್ತು. ಒಬ್ಬಳ ಮಗ ಜೈಲಿನಿಂದ ಬಂದಿದ್ದ. ಡೆಲ್ಫೀನ್ ಎದ್ದು ನಿಂತಾಗ ಹಿಂದಿನ ಸಾಲಿನಿಂದ "ಹೇಳಿ ಡಾಕ್ಟರ್, ಹೇಳಿ!" ಎಂದು ಕೂಗು ಬಂತು.

"ಆ ಹೆಸರಿಂದ ಕರೀಬೇಡಿ," ಎಂದಳು.

ಹಿಂದಿನ ಸಾಲಿನವರು ಮುಂದಕ್ಕೆ ಬಗ್ಗಿದರು.

"ನೀವು ಪ್ರೀತಿಯಿಂದ ಕರೀತೀರಿ. ಗೊತ್ತು. ಆದ್ರೆ ಇಳಿದೋರು ನಿಮ್ಮ ಮುಖ ನೋಡೋಕೆ ನಾಚ್ಕೊಂಡು ಮನೇಲಿ ಬಿದ್ದಿದ್ದಾರೆ. ಒಬ್ಬೊಬ್ಬರೂ ತಾನೊಬ್ಬನೇ ದಡ್ಡ ಅಂದ್ಕೊಂಡಿದ್ದಾರೆ. ಅವರು ಇಳೀಲಿಲ್ಲ. ಇಳಿಸಿದ್ರು. ಒಬ್ಬರ ಕೈಲಿ ಇನ್ನೊಬ್ಬರನ್ನ ಇಳಿಸಿದ್ರು. ನಿನ್ನೆ ಆ ಕೆಲಸಕ್ಕೆ ನನ್ನನ್ನ ಕಳಿಸಿದ್ರು. ನಾನು ಹೋದೆ ಕೂಡ." ಅವಳು ಸಾಲು ಸಾಲಾಗಿ ಮುಖಗಳನ್ನು ನೋಡಿದಳು. "ಲಮಾರ್ ಎಲ್ಲಿ? ಯಾಕೆ ಯಾರೂ ಕೇಳಲ್ಲ?"

ಮುಂದಿನ ಸಾಲಿನಲ್ಲಿ ಬಿಳಿ ಟೊಪ್ಪಿಗೆಯ ಮುದುಕಿ ಎದ್ದು ನಿಂತರು. ಲಮಾರನ ಅಜ್ಜಿ. ಇಡೀ ಚರ್ಚಿಗೆ ಅವರು ಮದರ್ ಸ್ಟೋಕ್ಸ್.

"ನನ್ನ ಮನೆ ಹಿಂದಿನ ಕೋಣೇಲಿದಾನೆ. ಭಾನುವಾರ ಬಂದ್ರೆ ಹೊದಿಕೆ ಎಳ್ಕೊಂಡು ಗೋಡೆ ಕಡೆ ತಿರುಗ್ತಾನೆ." ಅವರು ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಸೋಂಬೇರಿ ಅಂದೆ. ನನ್ನ ಮಾನ ಕಳೆದೆ ಅಂದೆ. ನಾನೇ ಅಂದೆ."

"ಮೇಬರಿ, ಮಗಳೇ, ಸಾಕು. ಕೂತ್ಕೋ," ಎಂದರು ಪಾಸ್ಟರ್ ಹಾರ್ಗ್ರೋ. ಚರ್ಚಿನ ಹೊಸ ಛಾವಣಿಗೆ ವಿಶ್ವವಿದ್ಯಾಲಯ ನೆರವು ಕೊಟ್ಟಿತ್ತು. ಅದು ಅವರ ತಲೆಯ ಮೇಲೆಯೇ ಇತ್ತು.

ನಡುವಿನಿಂದ ಒಬ್ಬ ಗಂಡಸು ಕೂಗಿದ. "ನನ್ನ ಮಗಳು ಬರೋ ವರ್ಷ ಸೇರಬೇಕು! ಸೇತುವೆ ಮುಚ್ಚಿದ್ರೆ ನೀನು ಬಂದು ತೆಗೀತೀಯಾ? ಸಿಕ್ಕಿರೋದನ್ನೂ ಕಳೀತಾಳೆ ಇವಳು!"

"ಅದು ಸಿಕ್ಕಿದ್ದಲ್ಲ ಅಣ್ಣಾ. ಆಸ್ಪತ್ರೆ ಕೊಟ್ಟು ಕೊಂಡಿದ್ದು. ನಮ್ಮಕ್ಕನ್ನ ಕೊಟ್ಟು ಕೊಂಡಿದ್ದು. ಭಿಕ್ಷೆ ಅಂತ ಯಾಕೆ ಮಾತಾಡ್ತೀರಿ?"

ಪಾಸ್ಟರ್ ಹಾಡು ಎತ್ತಿಸಿದರು. ಅರ್ಧ ಜನ ಹಾಡಿದರು. ಅರ್ಧ ಜನ ನೆಲ ನೋಡಿದರು. ಹೊರಗೆ ಬಂದಾಗ ಅವಳ ಜೊತೆ ಯಾರೂ ಮಾತಾಡಲಿಲ್ಲ. ಮದರ್ ಸ್ಟೋಕ್ಸ್ ಆಗಲೇ ಹೊರಟುಹೋಗಿದ್ದರು.

ಸುದ್ದಿ ಹಳಿ ದಾಟಲು ರಾತ್ರಿಯಷ್ಟೇ ಸಾಕಾಯಿತು. ಚರ್ಚಿನಲ್ಲಿ ಕೂತಿದ್ದವರಲ್ಲೇ ಯಾರೋ ಮುಟ್ಟಿಸಿದ್ದರು. ಗುರುವಾರ ಬೆಳಿಗ್ಗೆ ಮೇಲ್ವಿಚಾರಕಿ ಡೆಲ್ಫೀನಳನ್ನು ವಾರ್ಡಿನ ಬಾಗಿಲಲ್ಲೇ ತಡೆದಳು.

"ನಿನ್ನನ್ನ ಇವತ್ತಿಂದ ಕೆಳಗೆ ಹಾಕಿದ್ದಾರೆ. ಶವಾಗಾರಕ್ಕೆ."

"ಯಾಕೆ?"

"ನನ್ನ ಕೇಳಬೇಡ ತಾಯಿ. ನಂಗೂ ಮಕ್ಕಳಿದ್ದಾರೆ."

ಆ ದಿನವೆಲ್ಲ ಡೆಲ್ಫೀನ್ ತಣ್ಣಗಿನ ಕೋಣೆಯಲ್ಲಿ ಬಿಗಿದ ಮೈಗಳನ್ನು ಒಂದು ಬಂಡಿಯಿಂದ ಇನ್ನೊಂದಕ್ಕೆ ಎಳೆದಳು. ಸತ್ತ ಮೈ ಸಹಕರಿಸುವುದಿಲ್ಲ. ಎಳೆದಷ್ಟೂ ಭಾರ. ಬೆರಳು ಮರಗಟ್ಟಿದವು. ಸಂಜೆ ತರಗತಿಯಲ್ಲಿ ಪೆನ್ನು ಹಿಡಿಯಲಾಗಲಿಲ್ಲ. ಪ್ರೆಸ್ಟನ್ ಪಾಠ ನಿಲ್ಲಿಸಿ ಅವಳತ್ತ ಬೆರಳು ತೋರಿಸಿದ.

"ಈಗ ಗೊತ್ತಾಯ್ತು ನೋಡಿ! ನೀವು ಆ ವಾರ್ಡಿನಲ್ಲಿ ಮಲ ಬಳಿಯೋರು, ಅಲ್ವಾ?"

ಒಂದಿಬ್ಬರು ನಕ್ಕರು. ರೋಜೆಲ್ ನಗಲಿಲ್ಲ. ಅವಳು ತಿರುಗಿ ಡೆಲ್ಫೀನಳ ಊದಿದ ಬೆರಳುಗಳನ್ನು ನೋಡಿದಳು.  ತರಗತಿ ಮುಗಿದ ಮೇಲೆ ಒಂದೇ ಮಾತು ಹೇಳಿದಳು.

"ನಾಳೆ ಮಧ್ಯಾಹ್ನ ಆ ಹ್ಯಾವರ್ಟಿ ಬಾಗಿಲ ಮುಂದೆ ಬಾ. ಒಳಗೆ ಹೋಗಬೇಡ."

ಶುಕ್ರವಾರ ಆ ಉದ್ದನೆಯ ಮೊಗಸಾಲೆಯಲ್ಲಿ ಅವರಿಬ್ಬರೂ ನೆಲದ ಮೇಲೆ ಕೂತರು. ರೋಜೆಲ್ ಗೋಡೆಗೆ ಸೊಂಟ ಒತ್ತಿಕೊಂಡಳು. ಎದುರಿಗೆ ಹ್ಯಾವರ್ಟಿಯವರ ಬಾಗಿಲು ತೆರೆದೇ ಇತ್ತು. ಗುಮಾಸ್ತೆ ಹೊರಗೆ ಬಂದಳು. ಕೈಯಲ್ಲಿ ಒಂದು ಹಾಳೆ, ಒಂದು ಪೆನ್ನು.

"ಮಿಸ್ ಟಿಬ್ಸ್, ಇಲ್ಲೊಂದು ಸಹಿ ಹಾಕಿಬಿಟ್ರೆ ನಿಮಗೂ ಆರಾಮ, ನಮಗೂ ಆರಾಮ."

"ನಂಗೆ ಇಲ್ಲೇ ಆರಾಮಾಗಿದೆ."

ಗುಮಾಸ್ತೆ ಒಳಗೆ ಹೋದಳು. ಮತ್ತೆ ಬಂದಳು. ಮತ್ತೆ ಹೋದಳು.

ಮೆಟ್ಟಿಲಿನಲ್ಲಿ ಊರುಗೋಲಿನ ಸದ್ದಾಯಿತು. ಮದರ್ ಸ್ಟೋಕ್ಸ್ ಭಾನುವಾರದ ಉಡುಪಿನಲ್ಲಿ ಬಂದರು. ಅವರ ಹಿಂದೆ, ಸೊಟ್ಟಗೆ ಕೂಡಿಕೊಂಡ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಲಮಾರ್. ಅವನು ಯಾರ ಮುಖವನ್ನೂ ನೋಡಲಿಲ್ಲ. ಆದರೆ ಕೂತ. ಆಮೇಲೆ ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಒಬ್ಬಳು ಬಂದಳು. ಅವಳೂ ಒಂದು ಕಾಲಕ್ಕೆ ಸೇತುವೆಯ ಮೇಲಿದ್ದಳೆಂಬುದು ಡೆಲ್ಫೀನಳಿಗೆ ಗೊತ್ತೇ ಇರಲಿಲ್ಲ. ಬಸ್ಸು ಓಡಿಸುವವನೊಬ್ಬ ಸಮವಸ್ತ್ರದಲ್ಲೇ ಬಂದ. ಇನ್ನೂ ಕೆಲವರು ಬಂದರು. ಲಮಾರನ ಅಜ್ಜಿ ಎರಡು ದಿನ ಮನೆಮನೆ ತಿರುಗಿದ್ದರು. ಬಂದವರು ಒಬ್ಬರನ್ನೊಬ್ಬರು ಕಳ್ಳಗಣ್ಣಿನಲ್ಲಿ ನೋಡಿಕೊಂಡರು. ನೀನೂನಾ? ಎಂದು ಒಬ್ಬ ಪಿಸುಗುಟ್ಟಿದ. ನಾನೂ, ಎಂದಳು ಅಡುಗೆಯವಳು. ಜೆನೀವಾ ಕ್ರಂಪ್ ಬರಲಿಲ್ಲ. ಪಾಸ್ಟರೂ ಬರಲಿಲ್ಲ.

ಯಾರೂ ಘೋಷಣೆ ಕೂಗಲಿಲ್ಲ. ಸುಮ್ಮನೆ ಕೂತರು. ಒಳಗಿನ ಗಡಿಯಾರದ ಮುಳ್ಳು ಐದು ದಾಟಿತು. ಗುಮಾಸ್ತೆ ಕೋಣೆಯ ಕಿಟಕಿಗೆ ಪರದೆ ಎಳೆದಳು. ಹಿಂದೆ ಸರಿಯುವ ಗಡುವು ಮುಗಿಯಿತು.

ಹ್ಯಾವರ್ಟಿ ಕೋಟು ಹಾಕಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡರು. ನೆಲದ ಮೇಲಿನ ಕಾಲುಗಳನ್ನು ದಾಟಲು ಜಾಗವಿರಲಿಲ್ಲ. ಮೊದಲ ಸಲ ಅವರ ಮುಖದಲ್ಲಿ ನಗೆಯಿರಲಿಲ್ಲ.

"ಡೆಲ್ಫೀನ್, ನೀವು ಕಳ್ಕೊಂಡಿದ್ದೇನು ಅಂತ ನಿಮಗೆ ಗೊತ್ತಾ?"

"ಗೊತ್ತು ಮೇಡಂ."

"ಈ ಕೋರ್ಸು ಕಟ್ಟೋಕೆ ನಾನು ಎಷ್ಟು ವರ್ಷ ತೇಯ್ದೆ ಅನ್ನೋದು ನಿಮಗೆ ಗೊತ್ತಿಲ್ಲ. ಒಂದು ಸೋಲು ಕಂಡ್ರೆ ಸಾಕು, ಮೇಲಿನವರು ಇದನ್ನ ಮುಚ್ತಾರೆ. ನಿಮ್ಮ ಜನಕ್ಕೋಸ್ಕರವೇ ನಾನು ಇದನ್ನ ಶುದ್ಧವಾಗಿಟ್ಟೆ."

"ನಮ್ಮನ್ನ ಗುಡಿಸಿ ಹೊರಗೆ ಹಾಕಿ ಶುದ್ಧವಾಗಿಟ್ರಿ," ಎಂದಳು ಡೆಲ್ಫೀನ್.

ರೋಜೆಲ್ ಗೋಡೆ ಹಿಡಿದು ಎದ್ದಳು. ಸೊಂಟ ಸೆಟೆದುಕೊಂಡಿತು, ಅವಳು ತುಟಿ ಕಚ್ಚಿದಳು. ನೆಟ್ಟಗೆ ನಿಲ್ಲುವವರೆಗೆ ಎಲ್ಲರೂ ಕಾದರು. ಹ್ಯಾವರ್ಟಿಯೂ ಕಾಯಬೇಕಾಯಿತು.

"ಮೇಡಂ, ಪರೀಕ್ಷೆಗೆ ಕೂರ್ತೀನಿ. ಫೇಲಾಗ್ತೀನಿ. ಫೇಲು ಅಂತಲೇ ಬರೀರಿ. ದೊಡ್ಡ ಅಕ್ಷರದಲ್ಲಿ ಬರೀರಿ. ನಾನು ಇರಲೇ ಇಲ್ಲ ಅಂತ ಮಾತ್ರ ಬರೀಬೇಡಿ."

ಹ್ಯಾವರ್ಟಿ ಗೋಡೆಯಂಚಿಗೆ ಅಡಿಯಿಟ್ಟು, ಕಾಲುಗಳ ನಡುವೆ ದಾರಿ ಮಾಡಿಕೊಂಡು ಮೊಗಸಾಲೆಯ ತುದಿಗೆ ಹೋದರು. ಅಲ್ಲಿ ನಿಂತು ಫೋನಿನಲ್ಲಿ ಕಾವಲುಗಾರರನ್ನು ಕರೆದರು. ಆಮೇಲೆ ದೀಪದ ಗುಂಡಿ ಒತ್ತಿದರು. ಕಿಟಕಿಯಿಲ್ಲದ ಆ ಮೊಗಸಾಲೆ ಒಮ್ಮೆಲೇ ಕಪ್ಪಾಯಿತು. ಮದರ್ ಸ್ಟೋಕ್ಸ್ ಕೈ ಚಾಚಿ ಮೊಮ್ಮಗನ ಸೊಟ್ಟ ಕೈಯನ್ನು ತಡಕಿ ಹಿಡಿದುಕೊಂಡರು.

ಕೆಳಗಿನಿಂದ ಬೂಟುಗಳ ಸದ್ದು ಮೆಟ್ಟಿಲೇರತೊಡಗಿತು. ಒಬ್ಬರದಲ್ಲ, ಹಲವರದು.

ರೋಜೆಲ್ ಮತ್ತೆ ಕೂತಳು. ಬೇರೆ ಯಾರಾದರೂ ಏಳಲಿ ಎಂದು ಕಾಯದೆ, ಡೆಲ್ಫೀನ್ ಅವಳ ಮುಂದಕ್ಕೆ ಸರಿದು, ಮೆಟ್ಟಿಲಿಗೆ ಎದುರಾಗಿ ಕೂತಳು.